ಬೇವಿಗೆ ಹಬ್ಬಿದ ಬಳ್ಳಿ

ಬಳಗಾನೂರಿನ ಹಳೆಯ ಓಣಿಯೊಂದರ ಕೊನೆಗೆ, ಸುತ್ತಲೂ ಕಲ್ಲುಕಟ್ಟೆ ಕಟ್ಟಿದ ಮುದಿ ಬೇವಿನ ಮರವೊಂದಿದೆ; ಅದರ ಕೊಂಬೆಗಳಿಗೆ ಅಮೃತಬಳ್ಳಿ ಹಬ್ಬಿ, ದಾರದಂಥ ಬಿಳಲುಗಳನ್ನು ನೆಲದತ್ತ ಇಳಿಬಿಟ್ಟಿದೆ. ಐವತ್ತು ವರ್ಷಗಳ ಕಾಲ ಊರವರಿಗೆ ಬೇರು-ತೊಪ್ಪಲು ಕೊಟ್ಟು, ಈಗ ಕೊಡುವುದನ್ನು ಬಹುಮಟ್ಟಿಗೆ ನಿಲ್ಲಿಸಿರುವ ಹಿರಿಯರೊಬ್ಬರು ಶ್ರಾವಣದ ಒಂದು ಸಂಜೆ ಆ ಕಟ್ಟೆಯ ಮೇಲೆ ಕುಳಿತಿದ್ದಾಗ, ಶಾಲೆಗೆ ಈ ವರ್ಷ ಹೊಸದಾಗಿ ಬಂದ ಶಿಕ್ಷಕಿಯೊಬ್ಬಳು ನೋಟ್‌ಬುಕ್ಕು ಹಿಡಿದು ಅವರನ್ನು ಹುಡುಕಿಕೊಂಡು ಬಂದಳು. ಅವರಿಬ್ಬರ ನಡುವೆ ನಡೆದ ಮಾತುಗಳಿವು.

ಕಿರಿಯಳು: ಶರಣು, ತಾತ. ಮೂಲಿಕೆಗಳ ವಿಷಯವನ್ನು ಮೊದಲಿನಿಂದ ಕಲಿಯಬೇಕೆಂಬ ಆಸೆ ನನಗೆ ಬಹುದಿನದಿಂದ ಇದೆ. ಕೆಮ್ಮಿಗೆ ಯಾವುದು, ಜ್ವರಕ್ಕೆ ಯಾವುದು, ಹೊಟ್ಟೆನೋವಿಗೆ ಯಾವುದು ಎಂದು ತಾವು ಒಂದೊಂದಾಗಿ ಹೇಳಿದರೆ ಇದರಲ್ಲಿ ಬರೆದುಕೊಳ್ಳುತ್ತೇನೆ.

ಹಿರಿಯರು: ಬಾ ತಾಯಿ, ಕೂಡು. ಪುಸ್ತಕವನ್ನು ಸದ್ಯಕ್ಕೆ ಪಕ್ಕಕ್ಕಿಡು. ನೀನು ಕೇಳಿದ ಈ ಪಟ್ಟಿಯನ್ನೇ ನಾನು ಹದಿನೆಂಟರ ಪ್ರಾಯದಲ್ಲಿ ನನ್ನ ಗುರುಗಳಲ್ಲಿ ಕೇಳಿದ್ದೆ. ಅವರು ಉತ್ತರ ಕೊಡದೆ ನನ್ನನ್ನು ಎರೆಹೊಲಕ್ಕೆ ಕರೆದೊಯ್ದು, ಬದುವಿನ ಮೇಲೆ ನಿಂತಿದ್ದ ಉತ್ತರಾಣಿಯ ಗಿಡವನ್ನು ತೋರಿಸಿ, ಇದನ್ನು ಬೀಜದಿಂದ ಬೀಜದವರೆಗೆ ಒಂದು ವರ್ಷ ನೋಡು, ಆಮೇಲೆ ಇದು ಯಾತಕ್ಕೆ ಬರುವುದೆಂದು ಹೇಳುತ್ತೇನೆ ಅಂದರು. ನನಗೆ ಅಂದು ಬಹಳ ನಿರಾಶೆಯಾಯಿತು. ಪಟ್ಟಿಯನ್ನು ಕೈಗೆ ಕೊಡದಿದ್ದುದೇ ಅವರು ನನಗೆ ಮಾಡಿದ ಅತಿ ದೊಡ್ಡ ಉಪಕಾರವೆಂಬುದು ತಿಳಿಯಲು ಅರ್ಧ ಆಯುಸ್ಸು ಬೇಕಾಯಿತು.

ಕಿರಿಯಳು: ಪಟ್ಟಿಯಲ್ಲಿ ಏನು ದೋಷ, ತಾತ? ವೈದ್ಯಗ್ರಂಥಗಳಲ್ಲಿಯೂ ರೋಗಕ್ಕೆ ತಕ್ಕ ಔಷಧವನ್ನು ಹೇಳಿದ್ದಾರಲ್ಲವೆ?

ಹಿರಿಯರು: ಹೇಳಿದ್ದಾರೆ, ಆದರೆ ರೋಗವನ್ನು ಗುರುತಿಸಬಲ್ಲವನಿಗೆ ಹೇಳಿದ್ದಾರೆ. ಕೆಮ್ಮಿಗೆ ಏನೆಂದು ನೀನು ಕೇಳಿದೆ. ಮಳೆಯಲ್ಲಿ ನೆನೆದು ಬಂದ ಹುಡುಗನ ಕೆಮ್ಮೂ ಕೆಮ್ಮೇ, ಕ್ಷಯದ ಕೆಮ್ಮೂ ಕೆಮ್ಮೇ. ಎರಡು ವಾರ ಮೀರಿದ ಕೆಮ್ಮಿಗೆ ಕಫದ ಪರೀಕ್ಷೆ ಮಾಡಿಸಬೇಕೆಂದು ಸರಕಾರದ ಆಸ್ಪತ್ರೆಯವರು ಗೋಡೆಗೋಡೆಗೂ ಬರೆಸಿರುವಾಗ, ನಿನ್ನ ಪಟ್ಟಿಯನ್ನು ನಂಬಿದವನೊಬ್ಬ ಆಡುಸೋಗೆಯ ರಸ ಕುಡಿಯುತ್ತ ಆರು ತಿಂಗಳು ಕುಳಿತನೆಂದರೆ, ಆ ರಸದಲ್ಲಿ ಗುಣವಿರುವುದೂ ಅವನ ಪಾಲಿಗೆ ಕೇಡೇ ಆಗುವುದು. ಏಕೆಂದರೆ ಕೆಮ್ಮು ತುಸು ತಗ್ಗುವುದು, ರೋಗ ಬೆಳೆಯುವುದು. ಆದಕಾರಣ ರೋಗದಿಂದ ಗಿಡದ ಕಡೆಗೆ ನಡೆಯುವ ದಾರಿ ಹೊಸಬರದಲ್ಲ. ಗಿಡದಿಂದಲೇ ಆರಂಭಿಸು. ಎಲ್ಲಿ, ನಮ್ಮ ತಲೆಯ ಮೇಲೆ ತೂಗುತ್ತಿರುವ ಈ ಬಳ್ಳಿ ಯಾವುದು ಹೇಳು.

ಕಿರಿಯಳು: ಅಮೃತಬಳ್ಳಿ. ಕೋವಿಡ್ ಕಾಲದಲ್ಲಿ ನಮ್ಮ ಮನೆಯಲ್ಲಿ ದಿನವೂ ಇದರ ಕಷಾಯ ಕಾಯಿಸುತ್ತಿದ್ದರು.

ಹಿರಿಯರು: ಅಮೃತಬಳ್ಳಿಯೇ ಎಂದು ಹೇಗೆ ನಿಶ್ಚಯಿಸಿದೆ?

ಕಿರಿಯಳು: ಎಲೆ ಹೃದಯದ ಆಕಾರದಲ್ಲಿದೆಯಲ್ಲ?

ಹಿರಿಯರು: ಹೃದಯದಾಕಾರದ ಎಲೆಯುಳ್ಳ ಬಳ್ಳಿಗಳು ಈ ಭೂಮಿಯ ಮೇಲೆ ಬಹಳ ಇವೆ, ಮಗಳೇ. ಇದಕ್ಕೇ ಒಡಹುಟ್ಟಿದವು ಎನ್ನಬಹುದಾದವೂ ಇವೆ: ಒಂದರ ಎಲೆಯ ಅಡಿಯಲ್ಲಿ ನುಣ್ಣನೆಯ ರೋಮವಿರುತ್ತದೆ, ಮತ್ತೊಂದರ ಕಾಂಡದ ಮೈತುಂಬ ದಪ್ಪ ಗುಳ್ಳೆಗಳಿರುತ್ತವೆ. ನಿಜವಾದ ಅಮೃತಬಳ್ಳಿಯ ಎಲೆ ಎರಡು ಮಗ್ಗುಲೂ ನುಣುಪು. ಕಾಂಡದ ಹೊರಸಿಪ್ಪೆ ಕಾಗದದಂತೆ ತೆಳುವಾಗಿ ಸುಲಿದು ಬರುತ್ತದೆ, ಉಗುರಿನಿಂದ ಗೀರಿದರೆ ಒಳಗೆ ಹಸುರು ಕಾಣುತ್ತದೆ, ಅಡ್ಡಲಾಗಿ ಕೊಯ್ದು ನೋಡಿದರೆ ಬಂಡಿಯ ಗಾಲಿಯ ಅರಕಾಲುಗಳಂತೆ ಗೆರೆಗಳು ಹರಡಿರುತ್ತವೆ, ಹಣ್ಣು ಕೆಂಪು. ಇಷ್ಟನ್ನೂ ಕಣ್ಣಿನಿಂದ ಕಂಡು, ಬೆರಳಿನಿಂದ ಮುಟ್ಟಿ, ಮೂರು ಋತುಗಳಲ್ಲಿ ಮೂರು ಸಲ ಪರೀಕ್ಷಿಸಿದ ಮೇಲೆ ಇದು ಅಮೃತಬಳ್ಳಿಯೆಂದು ಹೇಳುವ ಅಧಿಕಾರ ನಿನಗೆ ಬರುತ್ತದೆ. ನೀನು ಈಗ ನೆನಪಿಸಿದ ಆ ಕೋವಿಡ್ ಕಾಲದಲ್ಲಿಯೇ, ಈ ಬಳ್ಳಿಯ ಕಷಾಯವನ್ನು ದೀರ್ಘಕಾಲ ಸೇವಿಸಿದ ಕೆಲವರ ಯಕೃತ್ತಿಗೆ ಹಾನಿಯಾಯಿತೆಂದು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಅದು ನಿಜವಾದ ಅಮೃತಬಳ್ಳಿಯಿಂದ ಆದುದೋ, ಗುಳ್ಳೆ-ಕಾಂಡದ ಆ ಇನ್ನೊಂದು ಬಳ್ಳಿಯಿಂದ ಆದುದೋ ಎಂದು ದೊಡ್ಡ ವಾದವೇ ನಡೆಯಿತು. ವಾದದಲ್ಲಿ ಯಾರು ಗೆದ್ದರೆಂಬುದಕ್ಕಿಂತ, ಮನೆಯಂಗಳದ ಬಳ್ಳಿಯ ಕುಲವನ್ನು ವಿಚಾರಿಸದೆ ತಿಂಗಳುಗಟ್ಟಲೆ ಕುಡಿದರೆಂಬುದು ನನ್ನನ್ನು ಹೆಚ್ಚು ಕಲಕಿತು. ಅಮೃತವೆಂಬ ಹೆಸರಿದ್ದ ಮಾತ್ರಕ್ಕೆ ಅಳತೆ ಬೇಡವೆಂದು ಜನ ತಿಳಿದುಬಿಟ್ಟರು.

ಕಿರಿಯಳು: ಹೆಸರನ್ನು ನಂಬಬಾರದೆಂದರೆ ಗಿಡವನ್ನು ಏನೆಂದು ಕಲಿಯಬೇಕು, ತಾತ?

ಹಿರಿಯರು: ಹೆಸರುಗಳೆಲ್ಲವನ್ನೂ ಕಲಿಯಬೇಕು, ಯಾವ ಒಂದನ್ನೂ ಪೂರ್ತಿಯಾಗಿ ನಂಬಬಾರದು. ನಮ್ಮ ಸಿಂಧನೂರು ಸೀಮೆಯನ್ನೇ ನೋಡು. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದ ರೈತರು ಕ್ಯಾಂಪು ಕಟ್ಟಿಕೊಂಡು ನೆಲೆಸಿದರು. ಆಮೇಲೆ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೆ ಸರಕಾರ ಆರ್.ಎಚ್. ಕ್ಯಾಂಪುಗಳಲ್ಲಿ ಭೂಮಿ ಕೊಟ್ಟಿತು. ನಾವು ನೆಲಬೇವು ಎನ್ನುವ ಕಹಿಗಿಡವನ್ನು ತೆಲುಗರು ನೇಲವೇಮು ಎನ್ನುತ್ತಾರೆ, ಬಂಗಾಳಿ ತಾಯಂದಿರು ಕಾಲಮೇಘ ಎನ್ನುತ್ತಾರೆ. ಒಂದೇ ತಾಲ್ಲೂಕಿನ ಸಂತೆಯಲ್ಲಿ ಒಂದೇ ಗಿಡಕ್ಕೆ ಮೂರು ಹೆಸರು. ಇದು ನಿರುಪದ್ರವಿ. ಉಪದ್ರವವಾಗುವುದು ಎರಡು ಗಿಡಕ್ಕೆ ಒಂದೇ ಹೆಸರಿರುವಾಗ. ಬ್ರಾಹ್ಮಿ ಎಂದರೆ ಕೆಲವರು ಒಂದೆಲಗವನ್ನು ತರುತ್ತಾರೆ, ಕೆಲವರು ನೀರುಬ್ರಾಹ್ಮಿಯನ್ನು ತರುತ್ತಾರೆ. ಎರಡಕ್ಕೂ ಕುಲದಲ್ಲಿ ಯಾವ ಸಂಬಂಧವೂ ಇಲ್ಲ. ಸ್ವೀಡನ್ ದೇಶದ ಲಿನೇಯಸ್ ಎಂಬ ವಿದ್ವಾಂಸನು 1753ರಲ್ಲಿ ಪ್ರತಿ ಗಿಡಕ್ಕೂ ಎರಡು ಪದಗಳ ನಾಮವನ್ನು ಗೊತ್ತುಮಾಡಿದ್ದು ಇದೇ ಗೊಂದಲವನ್ನು ನೀಗುವುದಕ್ಕೆ. ಆ ಲ್ಯಾಟಿನ್ ನಾಮವನ್ನೂ ಕಲಿ. ನಮ್ಮವರ ಸಂಸ್ಕೃತ ಪರ್ಯಾಯಗಳನ್ನೂ ಬಿಡಬೇಡ. ಪರ್ಯಾಯವೆಂಬುದು ಬರಿಯ ಹೆಸರಲ್ಲ, ಗುರುತಿನ ಚೀಟಿ. ಈ ಬಳ್ಳಿಗೆ ಛಿನ್ನರುಹಾ ಎಂದು ಹೆಸರಿಟ್ಟವನು, ಕಡಿದರೂ ಚಿಗುರುವುದು ಇದರ ಲಕ್ಷಣವೆಂದು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದಾನೆ.

ಕಿರಿಯಳು: ಸಂಸ್ಕೃತದಲ್ಲಿ ಇದ್ದಂತೆ ಕನ್ನಡದಲ್ಲಿಯೂ ಈ ವಿದ್ಯೆಯ ಗ್ರಂಥಗಳಿವೆಯೆ?

ಹಿರಿಯರು: ಇಲ್ಲದೆ ಏನು! ಜಗದ್ದಳ ಸೋಮನಾಥನು ಹನ್ನೆರಡನೆಯ ಶತಮಾನದಷ್ಟು ಹಿಂದೆಯೇ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಚಾಲುಕ್ಯ ರಾಜಪುತ್ರನಾದ ಕೀರ್ತಿವರ್ಮನು ದನಕರುಗಳ ಚಿಕಿತ್ಸೆಗೆಂದು ಗೋವೈದ್ಯವನ್ನು ಬರೆದನು. ಬಸವಣ್ಣನವರ ಕಾಲದ ಶರಣರಲ್ಲಿ ವೈದ್ಯ ಸಂಗಣ್ಣನೆಂಬವನಿದ್ದು, ತನ್ನ ಕಾಯಕದ ಪರಿಭಾಷೆಯಲ್ಲಿಯೇ ವಚನಗಳನ್ನು ನುಡಿದನು. ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷಗಳನ್ನೂ ಅವುಗಳ ಪ್ರತೀಕಾರವನ್ನೂ ಕುರಿತು ಖಗೇಂದ್ರಮಣಿದರ್ಪಣವೆಂಬ ದೊಡ್ಡ ಕಾವ್ಯವನ್ನೇ ಕಟ್ಟಿದನು. ಇನ್ನೂ ಹಿಂದಕ್ಕೆ ಹೋಗುವೆಯಾದರೆ, ನಮ್ಮ ಮಸ್ಕಿಯ ಗುಡ್ಡದಲ್ಲಿ ಗಣಿ ಎಂಜಿನಿಯರ್ ಬೀಡನ್ 1915ರಲ್ಲಿ ಕಂಡ ಶಾಸನವಿದೆಯಲ್ಲ, ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದನ್ನು ಲೋಕಕ್ಕೆ ಮೊದಲು ಸ್ಪಷ್ಟಪಡಿಸಿದ್ದು, ಆ ಶಾಸನದಲ್ಲಿ ಔಷಧದ ಪ್ರಸ್ತಾಪವಿಲ್ಲ. ಆದರೆ ಅದೇ ಅರಸನು ತನ್ನ ಎರಡನೆಯ ಬಂಡೆಶಾಸನದಲ್ಲಿ ಮನುಷ್ಯರಿಗೂ ಪಶುಗಳಿಗೂ ಎರಡು ಬಗೆಯ ಚಿಕಿತ್ಸೆಯನ್ನು ಏರ್ಪಡಿಸಿದುದನ್ನೂ, ಮೂಲಿಕೆಗಳು ಇಲ್ಲದ ಕಡೆಗೆ ಅವನ್ನು ತರಿಸಿ ನೆಡಿಸಿದುದನ್ನೂ ಹೇಳಿಕೊಂಡಿದ್ದಾನೆ. ಆ ಶಾಸನದ ಒಂದು ಪ್ರತಿ ತುಂಗಭದ್ರೆಯ ಆಚೆ, ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಗಳ ಮೇಲಿದೆ. ನೆಡಿಸಿದನೆಂಬ ಮಾತನ್ನು ಗಮನಿಸು. ಕಿತ್ತುಕೊಂಡು ಹೋಗುವವರು ಹೆಚ್ಚಿ, ನೆಡುವವರು ಕಡಿಮೆಯಾಗಿರುವ ಈ ಕಾಲದಲ್ಲಿ ಆ ಒಂದು ಕ್ರಿಯಾಪದ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಕಿರಿಯಳು: ಗಿಡವನ್ನು ಗುರುತಿಸಿದೆನೆಂದೇ ಇಟ್ಟುಕೊಳ್ಳಿ. ಆಮೇಲೆ?

ಹಿರಿಯರು: ಆಮೇಲೆ ಅದು ನಿಂತ ನೆಲವನ್ನು ಗುರುತಿಸಬೇಕು. ಇದನ್ನು ಯಾವ ಹಳೆಯ ಗ್ರಂಥದಲ್ಲಿಯೂ ನೀನು ಇಂದಿನ ಅರ್ಥದಲ್ಲಿ ಕಾಣಲಾರೆ. ಹುತ್ತ, ಸ್ಮಶಾನ, ಚೌಳುನೆಲಗಳಲ್ಲಿ ಬೆಳೆದುದನ್ನು ತರಬೇಡವೆಂದು ಹಿಂದಿನವರು ಹೇಳಿದರು, ಅವರಿಗೆ ಅಷ್ಟೇ ಸಾಕಾಗಿತ್ತು. 1953ರಲ್ಲಿ ಅಣೆಕಟ್ಟು ಮುಗಿದು ಕಾಲುವೆಯ ನೀರು ಬರುವುದಕ್ಕೆ ಮೊದಲು ಈ ಸೀಮೆ ಜೋಳದ ಸೀಮೆ. ಎರೆಯಲ್ಲಿ ಜೋಳ, ಮಸಾರಿಯಲ್ಲಿ ಸಜ್ಜೆ, ಬದುವಿನ ಮೇಲೆ ತಂಗಡಿಯ ಹಳದಿ ಹೂವು, ಕಾಲಿಗೆ ಚುಚ್ಚುವ ನೆಗ್ಗಿಲು. ನೀರು ಬಂತು, ಭತ್ತ ಬಂತು, ಹಸಿದವರು ಉಂಡರು. ಅದನ್ನು ನಾನು ಹಗುರವಾಗಿ ಎಣಿಸುವವನಲ್ಲ, ಹಸಿವನ್ನು ಕಂಡವನು ನಾನು. ನೀರಿನ ಜೊತೆಗೆ ಹೊಸ ಮೂಲಿಕೆಗಳೂ ಬಂದವು. ಮೊದಲು ಹಳ್ಳದ ದಂಡೆಗೆ ಹೋಗಿ ಹುಡುಕಬೇಕಾಗಿದ್ದ ಗರಗ ಈಗ ಪ್ರತಿ ಗದ್ದೆಯ ಒಡ್ಡಿನ ಮೇಲೆ ಸೊಂಪಾಗಿ ನಿಂತಿರುತ್ತದೆ, ನೀರುಬ್ರಾಹ್ಮಿ ಕಾಲುವೆಯ ಅಂಚಿಗೆ ಚಾಪೆ ಹಾಸಿದಂತೆ ಹಬ್ಬಿರುತ್ತದೆ. ನೋಡಿದರೆ ಕಣ್ಣು ತಣಿಯುತ್ತದೆ. ಆದರೆ ಆ ಗದ್ದೆಗೆ ರೈತ ಎಷ್ಟು ಸಲ ಎಣ್ಣೆ ಹೊಡೆದಿದ್ದಾನೆ?

ಕಿರಿಯಳು: ಕೀಟನಾಶಕವನ್ನು ಹೇಳುತ್ತಿದ್ದೀರಾ?

ಹಿರಿಯರು: ಕೀಟನಾಶಕ, ಕಳೆನಾಶಕ, ಎಲ್ಲಕ್ಕೂ ನಮ್ಮಲ್ಲಿ ಎಣ್ಣೆಯೆಂದೇ ಹೆಸರು. ಭತ್ತದವನಿಗೆ ಗರಗವೆಂಬುದು ಔಷಧಿಯಲ್ಲ, ಕಳೆ. ಅವನು ಕೊಲ್ಲಬೇಕೆಂದು ಸಿಂಪಡಿಸಿದ್ದನ್ನು ಕುಡಿದು, ಇನ್ನೂ ಸಾಯದೆ ಉಳಿದ ಗಿಡವನ್ನೇ ನೀನು ಕೊಯ್ದು ತಂದು, ತಲೆಗೆಂದು ಎಣ್ಣೆ ಕಾಯಿಸಿದರೆ, ಇಲ್ಲವೆ ರಸ ಹಿಂಡಿ ಮಗುವಿಗೆ ಕುಡಿಸಿದರೆ, ಅದು ಭೃಂಗರಾಜವಾದರೂ ಭೃಂಗರಾಜವಲ್ಲ. ತೊಳೆದರೆ ಹೋಗುವುದೆಂದು ಹೇಳುತ್ತಾರೆ. ಮೈಮೇಲೆ ಬಿದ್ದದ್ದು ಸ್ವಲ್ಪ ಹೋಗಬಹುದು, ಬೇರಿನಿಂದ ಹೀರಿದ್ದು ಹೋಗದು. ಅದಕ್ಕೇ ನಾನು ಗದ್ದೆಯ ಒಡ್ಡಿನ ಗಿಡವನ್ನು ಮುಟ್ಟುವುದನ್ನು ಬಿಟ್ಟು ಬಹಳ ವರ್ಷಗಳಾದವು. ಔಷಧಕ್ಕೆ ಬೇಕಾದುದನ್ನು ಹಿತ್ತಿಲಲ್ಲಿ ನಮ್ಮ ಕೈಯಾರೆ ಬೆಳೆದುಕೊಳ್ಳಬೇಕು. ಇಲ್ಲವಾದರೆ ಎಣ್ಣೆ ಕಾಣದ ಗುಡ್ಡದ ಓರೆಯಿಂದ, ಬೇಕಾದಷ್ಟನ್ನೇ, ಬೇರು ಉಳಿಯುವಂತೆ ತರಬೇಕು. ನಾನು ಈ ಮಾತನ್ನು ಇಷ್ಟು ಬೆಳೆಸುತ್ತಿರುವುದಕ್ಕೆ ಕ್ಷಮಿಸು ಮಗಳೇ, ಇದನ್ನು ಹೇಳುವವರು ಕಡಿಮೆ.

ಕಿರಿಯಳು: ಕ್ಷಮೆಯ ಮಾತೇಕೆ ತಾತ, ನನಗಿದು ಹೊಳೆದೇ ಇರಲಿಲ್ಲ. ಶಾಲೆಯ ಹಿಂದಿನ ಒಡ್ಡಿನಿಂದಲೇ ನಾಳೆ ಮಕ್ಕಳ ಕೈಯಿಂದ ಗಿಡ ತರಿಸಬೇಕೆಂದಿದ್ದೆ.

ಹಿರಿಯರು: ತೋರಿಸು, ತರಿಸಬೇಡ. ಮಕ್ಕಳಿಗೆ ಮೊದಲು ಪರಿಚಯವಾಗಬೇಕಾದವು ಬೇರೆ ನಾಲ್ಕು ಇವೆ. ರಸ್ತೆಯ ಬದಿಗೆ ಎಕ್ಕ, ತಿಪ್ಪೆಯ ಹತ್ತಿರ ದತ್ತೂರಿ, ಬೇಲಿಯಲ್ಲಿ ಗುಲಗಂಜಿ, ಗುಡಿಯಂಗಳದಲ್ಲಿ ಕಣಗಿಲೆ. ನಾಲ್ಕೂ ಶಾಸ್ತ್ರೋಕ್ತ ಔಷಧಿಗಳೇ, ನಾಲ್ಕೂ ವಿಷ. 1940ರ ಔಷಧ ಕಾಯಿದೆಯಡಿಯ ನಿಯಮಗಳ ಅನುಸೂಚಿಯಲ್ಲಿ, ವೈದ್ಯರ ಮೇಲ್ವಿಚಾರಣೆಯಿಲ್ಲದೆ ಸೇವಿಸಬಾರದ ದ್ರವ್ಯಗಳ ಸಾಲಿನಲ್ಲಿ, ಅರ್ಕ, ಧತ್ತೂರ, ಗುಂಜಾ, ಕರವೀರ ಎಂದು ಇವುಗಳ ಹೆಸರಿದೆ. ಎಕ್ಕದ ಹಾಲು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಶೋಧನೆಯೆಂಬ ಸಂಸ್ಕಾರವಾಗದೆ ಇವನ್ನು ವೈದ್ಯನೂ ಕೈಗೆತ್ತಿಕೊಳ್ಳುವುದಿಲ್ಲ. ಗಿಡದಿಂದ ಬಂದದ್ದಕ್ಕೆ ಅಡ್ಡಪರಿಣಾಮವಿಲ್ಲವೆಂದು ಯಾರಾದರೂ ಹೇಳಿದರೆ, ಅವರನ್ನು ಕಣಗಿಲೆಯ ಮುಂದೆ ಕರೆದೊಯ್ದು ನಿಲ್ಲಿಸು. ನಾವು ದೇವರೆಂದು ಪೂಜಿಸುವ ಈ ಬೇವಿನದೂ ಹಾಗೆಯೇ: ಯುಗಾದಿಯ ಬೇವು-ಬೆಲ್ಲ ಬೇರೆ, ಬೇವಿನ ಬೀಜದ ಎಣ್ಣೆ ಬೇರೆ, ಆ ಎಣ್ಣೆಯನ್ನು ಕುಡಿಸಿದ ಹಸುಗೂಸುಗಳಿಗೆ ಸೆಳವು ಬಂದು ಪ್ರಾಣಾಪಾಯವಾದ ಪ್ರಸಂಗಗಳು ವೈದ್ಯಪತ್ರಿಕೆಗಳಲ್ಲಿ ದಾಖಲಾಗಿವೆ.

ಕಿರಿಯಳು: ಹಸುಗೂಸೆಂದಿರಿ. ನನ್ನ ಅಕ್ಕನಿಗೆ ಹೆರಿಗೆಯಾಗಿ ಎರಡು ತಿಂಗಳಾಯಿತು. ಮನೆಯ ಹಿರಿಯರು ಮಗುವಿಗೆ ಬಜೆ ತೇದು ನೆಕ್ಕಿಸುತ್ತಿದ್ದಾರೆ.

ಹಿರಿಯರು: ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲಿನ ಹೊರತು ಮತ್ತೇನೂ ಬೇಡವೆಂದು ಮಕ್ಕಳ ವೈದ್ಯರೆಲ್ಲರೂ ಹೇಳುವುದು ಸರಿಯಾದ ಮಾತು; ನನ್ನ ಕೈಯಲ್ಲಿಯೇ ತೇಯಿಸಿದ ಬಜೆಗಳನ್ನು ನೆನೆದುಕೊಂಡು ಇದನ್ನು ಹೇಳುತ್ತಿದ್ದೇನೆ. ಅವರ ಪ್ರೀತಿಯನ್ನು ನೋಯಿಸದೆ, ತೇಯುವ ಕಲ್ಲನ್ನು ಎತ್ತಿಡು.

ಕಿರಿಯಳು: ಆಗಲಿ, ತಾತ. ಇನ್ನು ಔಷಧ ಮಾಡುವ ಕ್ರಮವನ್ನಾದರೂ ಹೇಳುವಿರೋ, ಅದಕ್ಕೂ ವರ್ಷ ಕಾಯಬೇಕೋ?

ಹಿರಿಯರು: ಅದನ್ನು ಇಂದೇ ಹೇಳುತ್ತೇನೆ, ಏಕೆಂದರೆ ಅದು ನಿನಗೆ ಆಗಲೇ ಗೊತ್ತಿದೆ. ಶಾಸ್ತ್ರದಲ್ಲಿ ಐದು ಮೂಲ ಕಲ್ಪನೆಗಳಿವೆ: ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟ. ಹಸಿಯ ಅಲ್ಲವನ್ನು ಜಜ್ಜಿ ಬಟ್ಟೆಯಲ್ಲಿ ಹಿಂಡಿದೆಯೆಂದರೆ ಅದು ಸ್ವರಸ. ಚಟ್ನಿಯಂತೆ ಅರೆದದ್ದು ಕಲ್ಕ. ಹವೀಜವನ್ನು ಕುಟ್ಟಿ, ಆರು ಪಾಲು ತಣ್ಣೀರಿನಲ್ಲಿ ರಾತ್ರಿ ನೆನೆಯಿಟ್ಟು, ಬೆಳಿಗ್ಗೆ ಸೋಸಿ ತುಸು ಸಕ್ಕರೆ ಬೆರೆಸಿ ನಮ್ಮ ರಾಯಚೂರು ಬಿಸಿಲಿಗೆ ನಿನ್ನ ತಾಯಿ ಕೊಟ್ಟಿರುವಳಲ್ಲ, ಅದು ಹಿಮ. ಕುದಿದ ನೀರನ್ನು ಕೆಳಗಿಳಿಸಿ ಪುಡಿಯನ್ನು ಹಾಕಿ ಮುಚ್ಚಿಟ್ಟು ಸೋಸುವುದು ಫಾಂಟ. ಬೇರು, ತೊಗಟೆ, ಕಟ್ಟಿಗೆಯಂಥ ಗಟ್ಟಿ ದ್ರವ್ಯಗಳನ್ನು ಜಜ್ಜಿ, ಮುಚ್ಚಳವಿಲ್ಲದ ಪಾತ್ರೆಯಲ್ಲಿ ಮಂದ ಉರಿಯ ಮೇಲೆ ನೀರು ಇಂಗುವಂತೆ ಕುದಿಸುವುದು ಕ್ವಾಥ, ಜನ ಕಷಾಯವೆನ್ನುವುದು. ಶಾರ್ಙ್ಗಧರನು ಒಂದು ಪಲ ದ್ರವ್ಯಕ್ಕೆ ಹದಿನಾರು ಪಾಲು ನೀರು ಹಾಕಿ ಎಂಟರಲ್ಲೊಂದು ಪಾಲಿಗೆ ಇಳಿಸಬೇಕೆನ್ನುತ್ತಾನೆ. ಪಲವೆಂದರೆ ಇಂದಿನ ಲೆಕ್ಕದಲ್ಲಿ 48 ಗ್ರಾಂ. ಒಂದು ಹಿಡಿ ಹಾಕು, ಒಂದು ಚಿಟಿಕೆ ಹಾಕು ಎಂಬ ಮಾತನ್ನು ಕೇಳಿದಾಗ, ಯಾರ ಹಿಡಿ ಎಂದು ಕೇಳುವುದನ್ನು ಕಲಿ. ಒಂದು ಸಣ್ಣ ತಕ್ಕಡಿಯನ್ನು ಕೊಂಡುಕೋ. ನಿನ್ನ ನೋಟ್‌ಬುಕ್ಕಿಗಿಂತ ಅದು ಮೊದಲು ಬೇಕು.

ಕಿರಿಯಳು: ಒಂದೇ ದ್ರವ್ಯ, ಐದು ಬಗೆ. ಹೇಗೆ ಮಾಡಿದರೇನು, ಒಳಗಿನ ಸತ್ತ್ವ ಒಂದೇ ಅಲ್ಲವೆ?

ಹಿರಿಯರು: ಈ ಪ್ರಶ್ನೆಗೆ ಚೀನ ದೇಶದ ಒಬ್ಬ ವಿದುಷಿ ಲೋಕವೇ ಒಪ್ಪುವ ಉತ್ತರ ಕೊಟ್ಟಿದ್ದಾಳೆ. ಚಳಿಜ್ವರಕ್ಕೆ, ಅಂದರೆ ಮಲೇರಿಯಕ್ಕೆ, ಔಷಧ ಹುಡುಕುತ್ತಿದ್ದ ತು ಯೂಯೂ ಎಂಬಾಕೆ, ಆ ದೇಶದ ಹಳೆಯ ಗ್ರಂಥಗಳಲ್ಲಿ ಹೇಳಿದ ಛಿಂಗ್‌ಹಾವ್ ಎಂಬ ಮೂಲಿಕೆಯನ್ನು ಕಾಯಿಸಿ ಸಾರ ತೆಗೆದು ಪರೀಕ್ಷಿಸಿದರೆ ಫಲ ಸರಿಯಾಗಿ ದೊರೆಯಲಿಲ್ಲ. ನಾಲ್ಕನೆಯ ಶತಮಾನದ ಗೆ ಹಾಂಗನ ಗ್ರಂಥವನ್ನು ಮತ್ತೆ ಓದಿದಾಗ, ಅಲ್ಲಿ ಗಿಡವನ್ನು ನೀರಿನಲ್ಲಿ ನೆನೆಸಿ ಹಿಂಡಿ ರಸ ಕುಡಿಯಬೇಕೆಂದಿತ್ತೇ ಹೊರತು ಕುದಿಸಬೇಕೆಂದಿರಲಿಲ್ಲ. ಶಾಖದಿಂದ ಸತ್ತ್ವ ನಾಶವಾಗುತ್ತಿರಬೇಕೆಂದು ಊಹಿಸಿ, ಕಡಿಮೆ ಉಷ್ಣದಲ್ಲಿ ಕುದಿಯುವ ಈಥರಿನಿಂದ ಸಾರ ತೆಗೆದಳು. ಎಪ್ಪತ್ತರ ದಶಕದ ಆರಂಭದಲ್ಲಿ ಆರ್ಟಿಮಿಸಿನಿನ್ ಎಂಬ ಔಷಧ ಹೀಗೆ ದೊರೆಯಿತು, 2015ರಲ್ಲಿ ಆಕೆಗೆ ನೊಬೆಲ್ ಪಾರಿತೋಷಕ ಬಂದಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಹಿಮವಾಗಿಯೋ ಸ್ವರಸವಾಗಿಯೋ ಮಾಡಬೇಕಾದುದನ್ನು ಕ್ವಾಥ ಮಾಡಿದರೆ ಗಿಡವಿದ್ದೂ ಔಷಧವಿಲ್ಲ. ಆದರೆ ಆಕೆಯ ಕೆಲಸದ ಉಳಿದರ್ಧವನ್ನೂ ಮರೆಯಬೇಡ. ಗ್ರಂಥದಲ್ಲಿದೆಯೆಂಬ ಕಾರಣಕ್ಕೆ ಆಕೆ ಅದನ್ನು ಜನರಿಗೆ ಹಂಚಲಿಲ್ಲ; ತೂಗಿದಳು, ಶೋಧಿಸಿದಳು, ಪ್ರಾಣಿಗಳ ಮೇಲೆ ನೋಡಿದಳು, ತಾನೇ ಮೊದಲು ಸೇವಿಸಿ ಪರೀಕ್ಷಿಸಿಕೊಂಡಳು.

ಕಿರಿಯಳು: ಹಾಗಾದರೆ ಪರೀಕ್ಷೆಗೆ ನಿಲ್ಲದ ಮೂಲಿಕೆಗಳೂ ಇವೆಯೆಂದಾಯಿತು.

ಹಿರಿಯರು: ಇವೆ. ಅದನ್ನು ಹೇಳುವುದು ನನಗೆ ಸುಲಭವಲ್ಲ, ಆದರೂ ನೀನು ಮೊದಲ ದಿನವೇ ಕೇಳಿಕೊಂಡು ಹೋಗುವುದು ಒಳ್ಳೆಯದು. ಕಾಮಾಲೆಗೆ, ನಮ್ಮವರು ಕಾಮಣಿಯೆನ್ನುವುದಕ್ಕೆ, ಕಿರುನೆಲ್ಲಿಯನ್ನು ಅರೆದು ಮಜ್ಜಿಗೆಯಲ್ಲಿ ಕೊಡುವುದು ನನ್ನ ಗುರುಗಳ ಪದ್ಧತಿ, ನನ್ನದೂ ಆಯಿತು. ನೂರಾರು ಜನಕ್ಕೆ ಕೊಟ್ಟೆ, ಬಹುತೇಕರಿಗೆ ಗುಣವಾಯಿತು, ಹೆಸರು ಸಿಂಧನೂರು, ಲಿಂಗಸುಗೂರಿನವರೆಗೆ ಹೋಯಿತು. ನೀರಿನಿಂದ ಬರುವ ಕಾಮಾಲೆ ಬಹುತೇಕರಲ್ಲಿ ಯಾವ ಔಷಧವಿಲ್ಲದೆಯೂ ಕೆಲವು ವಾರಗಳಲ್ಲಿ ತಾನಾಗಿ ಇಳಿಯುವುದೆಂಬುದು ನನಗಾಗ ತಿಳಿಯದು. ಒಂದು ವರ್ಷ ನಾಟಿಯ ಕಾಲಕ್ಕೆ, ಇಪ್ಪತ್ತೈದರ ಆಸುಪಾಸಿನ ರೈತನೊಬ್ಬ ಬಂದ. ಕಣ್ಣು ಅರಿಷಿಣವಾಗಿತ್ತು. ಒಂಬತ್ತು ದಿನ ಕೊಟ್ಟೆ. ಐದನೆಯ ದಿನ ಅವನ ಹೆಂಡತಿ ಬಂದು, ರಾತ್ರಿ ನಿದ್ದೆಯಿಲ್ಲ, ಹಗಲು ತೂಕಡಿಸುತ್ತಾನೆ, ಮಾತು ತೊದಲುತ್ತಾನೆ ಎಂದಳು. ಪಿತ್ತ ಇಳಿಯುವಾಗ ಹಾಗಾಗುವುದೆಂದು ನಾನು ಸಮಾಧಾನ ಹೇಳಿ ಕಳುಹಿಸಿದೆ. ಒಂಬತ್ತನೆಯ ದಿನ ಎತ್ತಿಕೊಂಡು ರಾಯಚೂರಿಗೆ ಹೋದರು. ತಿರುಗಿ ಬಂದದ್ದು ಅವನ ಹೆಣ.

ಕಿರಿಯಳು: ತಾತ...

ಹಿರಿಯರು: ಆ ತೊದಲುವಿಕೆಯೇ ಯಕೃತ್ತು ಸೋತು ಮೆದುಳಿಗೆ ವಿಷವೇರುತ್ತಿರುವುದರ ಚಿಹ್ನೆಯೆಂದು ಆಮೇಲೆ ವೈದ್ಯರೊಬ್ಬರು ತಿಳಿಸಿಹೇಳಿದರು. ಐದನೆಯ ದಿನವೇ ಕಳುಹಿಸಿದ್ದರೆ ಬದುಕುತ್ತಿದ್ದನೋ ಇಲ್ಲವೋ, ಆ ನಾಲ್ಕು ದಿನಗಳನ್ನು ಅವನಿಂದ ಕಸಿದುಕೊಂಡವನು ನಾನು. ಅಂದಿನಿಂದ ಕಾಮಾಲೆಗೆ ಔಷಧ ಕೊಡುವುದನ್ನು ಬಿಟ್ಟೆ. 1988ರಲ್ಲಿ ಮದರಾಸಿನ ವೈದ್ಯರು ಕಿರುನೆಲ್ಲಿಯಿಂದ ಹೆಪಟೈಟಿಸ್-ಬಿ ವಿಷಾಣು ತೊಲಗುವುದೆಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರೆಂದು ಕೇಳಿ ನನಗೆ ಎಷ್ಟು ಹರ್ಷವಾಗಿತ್ತು! ಬಳಿಕ ಬೇರೆ ಕಡೆ ಪರೀಕ್ಷಿಸಿದವರಿಗೆ ಆ ಫಲ ದೊರೆಯಲಿಲ್ಲ. ಹಾಗೆಯೇ ಹಾವಿನ ಕಡಿತ. ಮಂಗರಾಜನ ಮೇಲೆ ನನಗಿರುವ ಗೌರವಕ್ಕೆ ಮಿತಿಯಿಲ್ಲ. ಆದರೂ ಗದ್ದೆಯಲ್ಲಿ ಹಾವು ಕಡಿದವನನ್ನು ನನ್ನ ಬಾಗಿಲಿಗೆ ತಂದರೆ, ಒಂದು ನಿಮಿಷವೂ ನಿಲ್ಲಗೊಡದೆ ಆಸ್ಪತ್ರೆಗೆ ಅಟ್ಟುತ್ತೇನೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕಕ್ಕೂ ಸಲ್ಲುವ ಒಂದೇ ಪ್ರತಿವಿಷದ ಸೂಜಿ ಅಲ್ಲಿದೆ. ನನ್ನ ಬುಟ್ಟಿಯಲ್ಲಿ ಅದಕ್ಕೆ ಸಮನಾದ ಬೇರು ಒಂದೂ ಇಲ್ಲ.

ಕಿರಿಯಳು: ಇಷ್ಟನ್ನೆಲ್ಲ ಬಿಟ್ಟುಕೊಟ್ಟ ಮೇಲೆ ಮೂಲಿಕೆಗೆ ಉಳಿಯುವ ಸ್ಥಾನ ಯಾವುದು?

ಹಿರಿಯರು: ಮನೆ. ನೆಗಡಿ, ಅಜೀರ್ಣ, ಬಿಸಿಲಿನ ದಾಹ, ಉಂಡದ್ದು ಹೊಟ್ಟೆಯಲ್ಲಿ ನಿಂತಂತಾಗುವುದು, ಜ್ವರ ಬಿಟ್ಟ ಮೇಲಿನ ಬಾಯಿರುಚಿ: ಮನುಷ್ಯನ ಬಾಳಿನಲ್ಲಿ ಇಂಥ ಸಣ್ಣ ಸಂಕಟಗಳೇ ಹೆಚ್ಚಲ್ಲವೆ? ಅವನ್ನು ಮೂರು ದಿನ ಶಾಂತವಾಗಿ ನೋಡಿಕೊಳ್ಳುವ ಬಲವನ್ನು ಅಡಿಗೆಮನೆ ಕೊಡುತ್ತದೆ. ಅದಕ್ಕಿಂತ ದೊಡ್ಡದಕ್ಕೆ ಈ ಶಾಸ್ತ್ರವನ್ನು ಕ್ರಮವಾಗಿ ಓದಿದ ಆಯುರ್ವೇದ ವೈದ್ಯರಿದ್ದಾರೆ. 1920ರ ಸುಮಾರಿಗೆ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿ, ಬಳಿಕ ನದಿಯ ಆಚೆಯ ತುಂಗಭದ್ರಾ ಗ್ರಾಮದಲ್ಲಿ ಪ್ರೇಮಾಯತನವನ್ನು ನಡೆಸಿದ ಪಂಡಿತ ತಾರಾನಾಥರು ಈ ಸೀಮೆಯ ಬಡವರಿಗೆ ವೈದ್ಯರೂ ಆಗಿದ್ದರು, ಶಿಕ್ಷಕರೂ ಆಗಿದ್ದರು. ಬಳ್ಳಾರಿಯ ಸರಕಾರಿ ಆಯುರ್ವೇದ ಮಹಾವಿದ್ಯಾಲಯ ಇಂದಿಗೂ ಅವರ ಹೆಸರನ್ನು ಹೊತ್ತಿದೆ. ನೀನೂ ಶಿಕ್ಷಕಿ. ಆದುದರಿಂದ ಅವರ ಹೆಸರನ್ನು ನಿನ್ನ ಮುಂದೆ ತೆಗೆಯಬೇಕೆನಿಸಿತು.

ಕಿರಿಯಳು: ಈಗ ನಾನು ಬರೆದುಕೊಳ್ಳಬಹುದೆ? ಮೊದಲ ವರ್ಷಕ್ಕೆ ಯಾವುವು?

ಹಿರಿಯರು: ಬರೆದುಕೋ. ಬಳಸುವುದಕ್ಕೆ ಮೂರು: ಹವೀಜ, ಅಜವಾನ, ಅಲ್ಲ. ಮೂರನ್ನೂ ನಿನ್ನ ಅಜ್ಜಿಯ ಅಜ್ಜಿಯೂ ಉಂಡಿದ್ದಾಳೆ, ಗುರುತಿನಲ್ಲಿ ಮೋಸವಿಲ್ಲ, ಅಳತೆ ನಾಲಗೆಗೇ ತಿಳಿದಿದೆ. ಪ್ರತಿಯೊಂದನ್ನೂ ಐದು ಬಗೆಗಳಲ್ಲಿ ಮಾಡಿ ನೋಡು. ರುಚಿ, ಗಂಧ, ಬಣ್ಣ ಹೇಗೆ ಬದಲಾಗುತ್ತವೆಂದು ಬರೆ. ಅಜವಾನವನ್ನು ಹೆಚ್ಚು ಹೊತ್ತು ಕುದಿಸಿದರೆ ಮನೆಯೆಲ್ಲ ಘಮಘಮಿಸುವುದು, ಲೋಟದಲ್ಲಿ ಏನೂ ಉಳಿಯದು. ಅದು ಏಕೆಂದು ನೀನೇ ಕಂಡುಕೊಳ್ಳುವೆ. ಬೇರೆಯವರಿಗೆ ಕೊಡುವುದಾದರೆ ಮೊದಲು, ಅವರು ಯಾವ ಗುಳಿಗೆ ನುಂಗುತ್ತಿದ್ದಾರೆಂದು ಕೇಳು. ಸಕ್ಕರೆ ಕಾಯಿಲೆಯ ಗುಳಿಗೆಯ ಮೇಲೆ ಮೆಂತ್ಯವನ್ನೋ ಅಮೃತಬಳ್ಳಿಯನ್ನೋ ದಿನವೂ ಸೇರಿಸಿದರೆ ಸಕ್ಕರೆ ಬೇಕಾದುದಕ್ಕಿಂತ ಕೆಳಗೆ ಇಳಿಯಬಹುದು. ಬಸುರಿಗೆ ಏನನ್ನೂ ಕೊಡಬೇಡ.

ಕಿರಿಯಳು: ನೋಡುವುದಕ್ಕೆ?

ಹಿರಿಯರು: ನೋಡುವುದಕ್ಕೆ ಒಂದು. ತಾಳು, ಈ ಕುಡುಗೋಲನ್ನು ಹಿಡಿ. ಆ ಕೆಳಗಿನ ಬಳ್ಳಿಯನ್ನು, ಹೆಬ್ಬೆರಳಿನಷ್ಟು ದಪ್ಪಗಾದದ್ದನ್ನು, ಒಂದು ಗೇಣು ಕೊಯ್ದುಕೋ. ಕೊಯ್ದ ಮುಖವನ್ನು ಬೆಳಕಿಗೆ ಹಿಡಿ. ಏನು ಕಾಣುತ್ತದೆ?

ಕಿರಿಯಳು: ಗಾಲಿ. ಅರಕಾಲುಗಳು.

ಹಿರಿಯರು: ಸಿಪ್ಪೆ?

ಕಿರಿಯಳು: ಕಾಗದದಂತೆ ಬಿಟ್ಟುಬರುತ್ತಿದೆ. ಒಳಗೆ ಹಸುರು. ಎಲೆಯ ಅಡಿಯೂ ನುಣುಪಾಗಿದೆ, ತಾತ. ಹಣ್ಣು ಮಾತ್ರ ಕಾಣುತ್ತಿಲ್ಲ.

ಹಿರಿಯರು: ಇದು ಗಂಡುಬಳ್ಳಿ, ಕಾಯಿ ಬಿಡದು, ಹೆಣ್ಣುಬಳ್ಳಿ ಎಲ್ಲಿದೆಯೆಂದು ನೀನು ಈ ಊರಿನಲ್ಲಿ ಹುಡುಕಬೇಕು. ಈ ತುಂಡನ್ನು ಒಯ್ದು ಶಾಲೆಯ ಕಿಟಕಿಯ ಸರಳಿಗೆ ದಾರದಿಂದ ಕಟ್ಟು. ಮಣ್ಣು ಬೇಡ, ನೀರು ಬೇಡ. ಮಕ್ಕಳು ದಿನವೂ ನೋಡಲಿ, ಬಾಯಿಗಿಡದಿರಲಿ. ಚಿಗುರು ಎಷ್ಟನೆಯ ದಿನ, ಯಾವ ಗೆಣ್ಣಿನಿಂದ ಬಂತೆಂದು ಬರೆದಿಡಲು ಹೇಳು. ಬಂದ ಮೇಲೆ ಅದನ್ನು ಶಾಲೆಯಂಗಳದ ಬೇವಿನ ಬುಡಕ್ಕೆ ನೆಡಿಸು.

ಕಿರಿಯಳು: ನಮ್ಮ ಅಂಗಳದಲ್ಲಿ ಬೇವಿಲ್ಲ, ತಾತ. ಬರಿಯ ಬಯಲು.

ಹಿರಿಯರು: ಇಲ್ಲವೆ? ಈ ಮರದ ಬೀಜ ಆಷಾಢದಲ್ಲಿ ಉದುರಿ, ಆ ಕಟ್ಟೆಯ ಮಗ್ಗುಲಲ್ಲಿ ಸಸಿಗಳಾಗಿವೆ, ನೋಡು. ಎರಡನ್ನು ಮಣ್ಣಿನ ಹೆಂಟೆಯ ಸಮೇತ ಎತ್ತಿಕೋ. ಒಂದು ಹೋದರೆ ಒಂದಿರಲಿ.